ಕೊಪ್ಪಳ ಸೀಮೆಯ ಮನೋರೋಗಿಗಳ ಚರಿತ್ರೆ: ಸರಪಳಿಯಿಂದ ಸಂಘದವರೆಗೆ

ಕೊಪ್ಪಳದ ಚರಿತ್ರೆ ಬರೆಯುವವರು ಗವಿಮಠದ ಬಂಡೆಯಿಂದ ಶುರು ಮಾಡುತ್ತಾರೆ. ಅಶೋಕನ ಶಾಸನ, ಪಾಲ್ಕಿಗುಂಡು, ಜೈನರ ಕೊಪಣ, 1858ರಲ್ಲಿ ಕೋಟೆಯಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ ಸತ್ತ ಮುಂಡರಗಿ ಭೀಮರಾಯ, ಸಾಲಾರ್ ಜಂಗರ ಜಹಗೀರು, 1948ರ ಪೊಲೀಸ್ ಕಾರ್ಯಾಚರಣೆ, 1953ರ ತುಂಗಭದ್ರಾ ಅಣೆಕಟ್ಟು, 1997ರಲ್ಲಿ ರಾಯಚೂರಿನಿಂದ ಬೇರೆಯಾದ ಜಿಲ್ಲೆ. ಇಷ್ಟಕ್ಕೆ ಪುಸ್ತಕ ಮುಗಿಯುತ್ತದೆ. ಇದೆಲ್ಲ ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ ಇದೇ ಸೀಮೆಯಲ್ಲಿ ದನದ ಕೊಟ್ಟಿಗೆಯ ಕಂಬಕ್ಕೆ ಕಾಲು ಕಟ್ಟಿಸಿಕೊಂಡು ವರ್ಷಗಟ್ಟಲೆ ಕೂತವರಿದ್ದರು. ಸಂತೆಯ ಬಯಲಲ್ಲಿ ಹುಡುಗರ ಕಲ್ಲೇಟು ತಿಂದು ಓಡಿದವರಿದ್ದರು. ಬಸ್‌ಸ್ಟ್ಯಾಂಡಿನಲ್ಲಿ ಹುಟ್ಟೂರಿನ ಹೆಸರು ಮರೆತು ಮಲಗಿದವರಿದ್ದರು. ಅವರಿಗೆ ಶಾಸನವಿಲ್ಲ, ಗೆಜೆಟಿಯರಿನಲ್ಲಿ ಒಂದು ಸಾಲೂ ಇಲ್ಲ.

ಆ ಚರಿತ್ರೆಯನ್ನು ನಾವು ಬರೆಯಬೇಕಾಗಿದೆ. ಯಾಕೆಂದರೆ ಇದು ಬರೀ ಒಂದು ರೋಗದ ಚರಿತ್ರೆ ಅಲ್ಲ. ಒಬ್ಬ ಮನುಷ್ಯನನ್ನು ಊರು ಯಾವಾಗ ಲೆಕ್ಕದಿಂದ ತೆಗೆಯುತ್ತದೆ, ಮತ್ತೆ ಯಾವಾಗ, ಯಾರ ಒತ್ತಾಯದಿಂದ ಲೆಕ್ಕಕ್ಕೆ ತಗೊಳ್ಳುತ್ತದೆ ಎಂಬುದರ ಚರಿತ್ರೆ. ಲೆಕ್ಕದಿಂದ ಹೊರಗಿಡುವುದು ಎಂದರೆ ಏನು ಅಂತ ನಮ್ಮ ಕೇರಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

1

ನಮ್ಮ ಕಡೆ ಈ ಬೇನೆಗೆ ಹೆಸರು ಬಹಳ. ‘ಗಾಳಿ ಸೋಕೈತಿ’, ‘ದೆವ್ವ ಬಡದೈತಿ’, ‘ಮಾಟ ಮಾಡಿಸ್ಯಾರ’, ‘ತೆಲಿ ಕೆಟ್ಟೈತಿ’, ‘ದೇವಿ ಕಾಡಾಕತ್ತಾಳ’. ಹೆಸರು ಹೇಗೋ ಮದ್ದೂ ಹಾಗೆ. ತಾಯತ, ಅಂತ್ರ, ಲಿಂಬಿಹಣ್ಣು, ಅಮಾಸಿಗೆ ಗುಡಿ, ಗುರುವಾರ ದರ್ಗಾ, ಬೇವಿನ ಬರಲಿನ ಹೊಡೆತ. ಇದನ್ನೆಲ್ಲ ಮೂಢನಂಬಿಕೆ ಎಂದು ಒಂದೇ ಮಾತಲ್ಲಿ ತಳ್ಳಿಹಾಕುವ ಪಟ್ಟಣದ ವಿಚಾರವಂತರು ಒಂದು ಪ್ರಶ್ನೆಗೆ ಉತ್ತರ ಕೊಡಬೇಕು. ದವಾಖಾನಿ ಎಲ್ಲಿತ್ತು? ಕುಷ್ಟಗಿಯ ಒಂದು ಹಳ್ಳಿಯವನಿಗೆ ಗುಡಿ ನಡಿಗೆಯ ದೂರದಲ್ಲಿತ್ತು, ಪೂಜಾರಿ ಮನೆಯವರ ಮಾತು ಪೂರಾ ಕೇಳುತ್ತಿದ್ದ, ರಾತ್ರಿ ಮಲಗಲು ಗುಡಿಯ ಪೌಳಿ ಇತ್ತು. ಹುಚ್ಚಾಸ್ಪತ್ರೆ ಇದ್ದದ್ದು ಧಾರವಾಡದಲ್ಲಿ, ಬೆಂಗಳೂರಿನಲ್ಲಿ. ಜನ ಗುಡಿಗೆ ಹೋದದ್ದು ಬುದ್ಧಿ ಇಲ್ಲದ್ದಕ್ಕೆ ಅಲ್ಲ, ಬೇರೆ ಬಾಗಿಲು ಇಲ್ಲದ್ದಕ್ಕೆ.

ಸರಪಳಿಯ ಮಾತೂ ಹಾಗೆಯೇ. ಮಗನ ಕಾಲಿಗೆ ಸರಪಳಿ ಹಾಕಿದ ತಂದೆ ತಾಯಿಯನ್ನು ಕ್ರೂರಿಗಳು ಎಂದುಬಿಡುವುದು ಸುಲಭ. ಯಲಬುರ್ಗಾ, ಕುಷ್ಟಗಿಯ ಮಸಾರಿ ಹೊಲಗಳಲ್ಲಿ ಮಳೆ ಬಂದರೆ ಸಜ್ಜೆ, ಬಾರದಿದ್ದರೆ ಗುಳೆ. ಮನೆಯಲ್ಲಿ ಒಬ್ಬನಿಗೆ ತಲೆ ಕೆಟ್ಟರೆ ಅವನ ಕೂಲಿ ಹೋಯಿತು. ಅವನನ್ನು ಕಾಯಲು ಇನ್ನೊಬ್ಬರು ಕೂತರೆ ಅವರ ಕೂಲಿಯೂ ಹೋಯಿತು. ಎರಡು ಕೂಲಿ ಹೋದ ಮನೆಯಲ್ಲಿ ಮೊದಲು ಕುರಿ ಮಾರುತ್ತಾರೆ, ಆಮೇಲೆ ಹೊಲವನ್ನು ಸಾಹುಕಾರನಿಗೆ ಬರೆದುಕೊಡುತ್ತಾರೆ. ಕಡೆಗೆ, ‘ಬಿಟ್ಟು ಹೋದ್ರ ಬಾವ್ಯಾಗ ಬೀಳ್ತಾನ, ಕುಂತ್ರ ಹೊಟ್ಟಿಗೆ ಏನು?’ ಎಂಬ ಮಾತು ಬರುತ್ತದೆ. ಸರಪಳಿ ಹುಟ್ಟಿದ್ದು ಆ ಮಾತಿನಿಂದ. ಉಳ್ಳವರ ಮನೆಯ ರೋಗಿಗೆ ಒಂದು ಕೋಣೆ ಇತ್ತು, ಊಟ ಕೊಡುವ ಆಳು ಇದ್ದ, ಸುದ್ದಿ ಹೊರಗೆ ಬಾರದಂತೆ ಮುಚ್ಚಲು ಬಾಗಿಲೂ ಇತ್ತು. ಒಂದಂಕಣದ ಗುಡಿಸಲಿನವರಿಗೆ ಕಂಬ ಒಂದೇ.

ಹೆಣ್ಣಾದರೆ ಕತೆ ಬೇರೆ. ಹಡೆದ ಮೇಲೆ ಮನಸ್ಸು ಕೆಟ್ಟರೆ ಗಂಡನ ಮನೆಯವರು ತವರಿಗೆ ಬಿಟ್ಟು ಬರುತ್ತಾರೆ, ವರ್ಷದೊಳಗೆ ಇನ್ನೊಂದು ಮದುವೆ ನಡೆಯುತ್ತದೆ. ಗಂಡಸಿಗೆ ತಲೆ ಕೆಟ್ಟರೆ ‘ಲಗ್ನ ಮಾಡಿದ್ರ ಸರಿ ಹೋಗ್ತಾನ’ ಎಂದು ಏನೂ ಅರಿಯದ ಹುಡುಗಿಯೊಬ್ಬಳನ್ನು ತಂದು ಕಟ್ಟುತ್ತಾರೆ. ಎರಡೂ ಕಡೆ ಬಲಿ ಹೆಣ್ಣೇ. ದಲಿತರ ಹುಡುಗಿಯ ತಲೆಗೂದಲು ಜಡೆಗಟ್ಟಿದರೆ ಅದು ದೇವಿಯ ಕರೆ, ಮೈಮೇಲೆ ಬಂದರೆ ಅದೂ ದೇವಿಯ ಕರೆ. ಅವಳ ಬೇನೆ ಏನು ಎಂದು ಕೇಳುವ ಮೊದಲೇ ಅವಳನ್ನು ಮುತ್ತು ಕಟ್ಟಿ ಬಿಟ್ಟಿರುತ್ತಿದ್ದರು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ ಕರ್ನಾಟಕದಲ್ಲಿ 1982ರಲ್ಲಿ ಆಯಿತು. ಅಷ್ಟರೊಳಗೆ ಎಷ್ಟು ಹೆಣ್ಣುಮಕ್ಕಳ ಸಂಕಟ ಹೀಗೆ ದೇವರ ಹೆಸರಿನಲ್ಲಿ ಮುಚ್ಚಿಹೋಯಿತೋ, ಲೆಕ್ಕ ಇಟ್ಟವರಿಲ್ಲ.

2

ಇನ್ನು ಸರ್ಕಾರದ ಕಡೆ ನೋಡೋಣ. ಭೀಮರಾಯ ಕೊಪ್ಪಳದ ಕೋಟೆಯಲ್ಲಿ ಸತ್ತ 1858ರಲ್ಲೇ ಬ್ರಿಟಿಷರು ಹುಚ್ಚಾಸ್ಪತ್ರೆಗಳ ಬಗ್ಗೆ ಕಾನೂನು ಮಾಡಿದರು. 1912ರಲ್ಲಿ ಅದರ ಜಾಗಕ್ಕೆ ಇನ್ನೊಂದು ಕಾಯ್ದೆ ಬಂತು. ಈ ಕಾಯ್ದೆಗಳ ಭಾಷೆ ನೋಡಿದರೆ ಅಲ್ಲಿ ವೈದ್ಯನಿಗಿಂತ ಮುಂದೆ ಪೊಲೀಸ್ ನಿಲ್ಲುತ್ತಾನೆ, ಮ್ಯಾಜಿಸ್ಟ್ರೇಟ್ ನಿಲ್ಲುತ್ತಾನೆ. ರೋಗಿಯನ್ನು ವಾಸಿ ಮಾಡುವುದಕ್ಕಿಂತ ಊರನ್ನು ರೋಗಿಯಿಂದ ಕಾಯುವುದೇ ಅದರ ಚಿಂತೆ. ಸ್ವಾತಂತ್ರ್ಯ ಬಂದು 40 ವರ್ಷ ಆಗುವವರೆಗೂ ನಾವು ಅದೇ 1912ರ ಕಾಯ್ದೆಯನ್ನು ಇಟ್ಟುಕೊಂಡಿದ್ದೆವು. 1987ರಲ್ಲಿ ಹೊಸ ಕಾಯ್ದೆ ಆಯಿತು, ಅದು ಜಾರಿಗೆ ಬಂದದ್ದು 1993ರಲ್ಲಿ. ಯಾವ ಅಪರಾಧವನ್ನೂ ಮಾಡದ ಮನೋರೋಗಿಗಳನ್ನು ಜೈಲಿನಲ್ಲಿ ಇಡುವುದು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟು ಹೇಳಬೇಕಾಗಿ ಬಂದದ್ದೂ ಅದೇ 1993ರಲ್ಲಿ, ಪತ್ರಕರ್ತೆ ಶೀಲಾ ಬರ್ಸೆ ಹೂಡಿದ ಮೊಕದ್ದಮೆಯಲ್ಲಿ. ಅಂದರೆ ಅಲ್ಲಿಯವರೆಗೆ ಇಡುತ್ತಿದ್ದರು ಎಂದೇ ಅರ್ಥ.

ಆಸ್ಪತ್ರೆಗಳಾದರೂ ಎಷ್ಟಿದ್ದವು? 1946ರ ಭೋರ್ ಸಮಿತಿಯ ವರದಿ ಬಂದಾಗ ಇಡೀ ಹಿಂದೂಸ್ತಾನದಲ್ಲಿ ಮನೋರೋಗಿಗಳಿಗೆ ಇದ್ದದ್ದು ಸುಮಾರು 10,000 ಹಾಸಿಗೆ. 40,000 ಜನಕ್ಕೆ ಒಂದು. ಇಂಗ್ಲೆಂಡಿನಲ್ಲಿ ಆಗ 300 ಜನಕ್ಕೆ ಒಂದು ಇತ್ತು. ಬೆಂಗಳೂರಿನ ಹುಚ್ಚಾಸ್ಪತ್ರೆ 1925ರಲ್ಲಿ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ ಆಯಿತು. 1954ರಲ್ಲಿ ಅದರ ಪಕ್ಕ ಅಖಿಲ ಭಾರತ ಸಂಸ್ಥೆ ಬಂತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಧಾರವಾಡದ ಆಸ್ಪತ್ರೆ ಮುಂಬೈ ಸರ್ಕಾರದ ಕಾಲದ್ದು. ನಿಜಾಮನ ರಾಜ್ಯದ ಮೂಲೆಯಲ್ಲಿದ್ದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಿಗೆ ಈ ಎರಡೂ ಪರರಾಜ್ಯದ ಆಸ್ಪತ್ರೆಗಳೇ. 1956ರಲ್ಲಿ ರಾಜ್ಯ ಒಂದಾಯಿತು. ದಾರಿ ಮಾತ್ರ ಹತ್ತಿರವಾಗಲಿಲ್ಲ.

ಆಸ್ಪತ್ರೆಗೆ ಮುಟ್ಟಿದವರೂ ಎಲ್ಲರೂ ತಿರುಗಿ ಬರಲಿಲ್ಲ. ಬಿಟ್ಟು ಬಂದ ಮನೆಯವರು ಮತ್ತೆ ಹೋಗಲಿಲ್ಲ. ಕೊಟ್ಟ ವಿಳಾಸ ಸುಳ್ಳಾಗಿರುತ್ತಿತ್ತು. ಒಳಗಿದ್ದವನ ಪಾಲಿನ ಹೊಲ ಅಣ್ಣತಮ್ಮಂದಿರ ಹೆಸರಿಗೆ ಆಗಿರುತ್ತಿತ್ತು. ಕೊಟ್ಟಿಗೆಯ ಸರಪಳಿಗೂ ಆಸ್ಪತ್ರೆಯ ಗೋಡೆಗೂ ಈ ವಿಷಯದಲ್ಲಿ ದೊಡ್ಡ ಫರಕಿರಲಿಲ್ಲ.

3

ಗೋಡೆ ಒಡೆಯುವ ಕೆಲಸ ಹಲವು ಕಡೆ ಶುರುವಾಯಿತು. 1952ರ ಸುಮಾರಿಗೆ ಫ್ರಾನ್ಸಿನಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಔಷಧಿ ಬಳಕೆಗೆ ಬಂತು. ಕಿವಿಯಲ್ಲಿ ಮಾತು ಕೇಳುವ, ಎಲ್ಲರೂ ತನ್ನನ್ನು ಕೊಲ್ಲಲು ಬರುತ್ತಾರೆ ಎಂದು ಹೆದರುವ ರೋಗಿಯೂ ಗುಳಿಗೆಯಿಂದ ತಣ್ಣಗಾಗಬಲ್ಲ ಎಂದು ಆಗ ಗೊತ್ತಾಯಿತು. ಅದೇ ದಶಕದಲ್ಲಿ ಅಮೃತಸರದ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಎಂಬವರು ರೋಗಿಯ ಮನೆಯವರನ್ನೇ ಕರೆಸಿ, ಆಸ್ಪತ್ರೆಯ ಬಯಲಿನಲ್ಲಿ ಡೇರೆ ಹಾಕಿಸಿ, ರೋಗಿಯ ಜೊತೆ ಇರಿಸಿಕೊಂಡರು. ಮನೆಯವರು ಕಣ್ಣಾರೆ ನೋಡಿದರು, ಕಲಿತರು, ಕರೆದುಕೊಂಡು ಹೋದರು. ಇಟಲಿಯಲ್ಲಿ ಫ್ರಾಂಕೋ ಬಸಾಲಿಯಾ ಎಂಬ ವೈದ್ಯ ಹುಚ್ಚಾಸ್ಪತ್ರೆಯೇ ರೋಗ ಬೆಳೆಸುವ ಜಾಗ ಎಂದು ಹೋರಾಡಿದ. 1978ರಲ್ಲಿ ಆ ದೇಶ ಅಂಥ ಆಸ್ಪತ್ರೆಗಳನ್ನು ಮುಚ್ಚುವ ಕಾನೂನನ್ನೇ ಮಾಡಿತು.

ನಮ್ಮ ರಾಜ್ಯದಲ್ಲಿ ನಿಮ್ಹಾನ್ಸಿನ ಡಾ. ಆರ್.ಎಲ್. ಕಪೂರ್ ಮತ್ತು ಅವರ ಸಂಗಡಿಗರು 1970ರ ದಶಕದ ನಡುವೆ ಹಳ್ಳಿಯ ಕಡೆ ಮುಖ ಮಾಡಿದರು. ಕಪೂರ್ ಅದಕ್ಕೂ ಮುಂಚೆ ಕಾರ್‌ಸ್ಟೇರ್ಸ್ ಎಂಬವರ ಜೊತೆ ದಕ್ಷಿಣ ಕನ್ನಡದ ಕೋಟದಲ್ಲಿ ಮನೆ ಮನೆ ತಿರುಗಿ ಜನರ ಮನಸ್ಸಿನ ಬೇನೆಗಳನ್ನು ಅಭ್ಯಾಸ ಮಾಡಿದ್ದರು. ಆ ಪುಸ್ತಕ 1976ರಲ್ಲಿ ಬಂತು. ಆನೇಕಲ್ ತಾಲೂಕಿನ ಸಕಲವಾರದಲ್ಲಿ ಒಂದು ಕೇಂದ್ರ ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಮನೆ ಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಗೆ ಈ ಕೆಲಸ ಕಲಿಸಬಹುದೇ ಎಂದು ನೋಡಿದರು. ಕಲಿಸಬಹುದು ಎಂದು ತಿಳಿಯಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1985ರಿಂದ ಬಳ್ಳಾರಿ ಜಿಲ್ಲೆಯನ್ನೇ ಹಿಡಿದು ಇಡೀ ಒಂದು ಜಿಲ್ಲೆಯ ಆರೋಗ್ಯ ಕೇಂದ್ರಗಳಲ್ಲಿ ಮನೋರೋಗಕ್ಕೂ ಮೂರ್ಛೆರೋಗಕ್ಕೂ ಔಷಧಿ ಕೊಡುವ ವ್ಯವಸ್ಥೆ ಮಾಡಿದರು. 1996ರಲ್ಲಿ ಭಾರತ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದ್ದು ಬಳ್ಳಾರಿಯ ಮಾದರಿಯ ಮೇಲೆಯೇ.

ಒಂದು ಮಾತನ್ನು ಇಲ್ಲಿ ಗಮನಿಸಬೇಕು. ಮುನಿರಾಬಾದಿನ ಕಟ್ಟೆ ಮೇಲೆ ನಿಂತರೆ ಹೊಳೆಯ ಆಚೆ ದಂಡೆಗೆ ಹೊಸಪೇಟೆ, ಆಗಿನ ಬಳ್ಳಾರಿ ಜಿಲ್ಲೆ. ಈಚೆ ದಂಡೆಗೆ ಕೊಪ್ಪಳ, ಆಗಿನ ರಾಯಚೂರು ಜಿಲ್ಲೆ. ಲೋಕವೆಲ್ಲ ಬಂದು ನೋಡಿದ ಪ್ರಯೋಗ ಆಚೆ ದಂಡೆಯಲ್ಲಿ ನಡೆಯಿತು. ಈಚೆ ದಂಡೆಯವನ ಸರಪಳಿಗೆ ಅದರ ಸುದ್ದಿ ಮುಟ್ಟಲಿಲ್ಲ. ಯೋಜನೆಗಳಿಗೆ ಜಿಲ್ಲೆಯ ಗಡಿ ಇರುತ್ತದೆ, ಸಂಕಟಕ್ಕೆ ಇರುವುದಿಲ್ಲ.

ಬಳ್ಳಾರಿಯ ಕೆಲಸ ದೊಡ್ಡದು. ಬೆಂಗಳೂರಿಗೆ ಹೋಗಲಾರದ ಬಡವನಿಗೆ ತನ್ನ ಹೋಬಳಿಯಲ್ಲೇ ಗುಳಿಗೆ ಸಿಗಬಹುದು ಎಂದು ಅದು ತೋರಿಸಿತು. ಆದರೆ ಅದರ ಲೆಕ್ಕ ಬಹುಪಾಲು ದವಾಖಾನಿಯ ಲೆಕ್ಕ. ಎಷ್ಟು ಜನ ಬಂದರು, ಎಷ್ಟು ಗುಳಿಗೆ ಹೋಯಿತು, ಎಷ್ಟು ಡಾಕ್ಟರು ಕಲಿತರು. ಗುಳಿಗೆ ನುಂಗಿ ತಣ್ಣಗಾದವನು ಮನೆಯಲ್ಲಿ ಎಲ್ಲಿ ಕೂತು ಉಣ್ಣುತ್ತಾನೆ? ಅವನನ್ನು ಕೂಲಿಗೆ ಯಾರು ಕರೆಯುತ್ತಾರೆ? ಈ ಪ್ರಶ್ನೆಗೆ ಆ ಪುಸ್ತಕದಲ್ಲಿ ಕಾಲಮ್ಮು ಇರಲಿಲ್ಲ.

4

‘ಅದನ್ನೆಲ್ಲ ಊರೇ ನೋಡ್ಕೋತದ’ ಎಂದು ನಂಬಿದ ಪಂಡಿತರಿದ್ದರು. 1960ರ ದಶಕದ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಲವು ದೇಶಗಳಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳ ಒಂದು ದೊಡ್ಡ ಅಧ್ಯಯನ ಶುರು ಮಾಡಿತು. ನಮ್ಮ ಆಗ್ರಾ ಅದರಲ್ಲಿತ್ತು. ಶ್ರೀಮಂತ ದೇಶಗಳ ರೋಗಿಗಳಿಗಿಂತ ಬಡ ದೇಶಗಳ ರೋಗಿಗಳು ಹೆಚ್ಚು ಚೇತರಿಸಿಕೊಂಡರು ಎಂದು ಅದು ಹೇಳಿತು. ಕೂಡುಕುಟುಂಬ ಇದೆ, ಹೊಲದ ಕೆಲಸ ಇದೆ, ಹಳ್ಳಿ ಎಲ್ಲರನ್ನೂ ಮಡಿಲಲ್ಲಿ ಇಟ್ಟುಕೊಳ್ಳುತ್ತದೆ ಎಂದು ಅದಕ್ಕೆ ಕಾರಣ ಕೊಟ್ಟರು. ಮುಂದೆ ಬೇರೆ ಸಂಶೋಧಕರು, ನಮ್ಮ ದೇಶದವರೂ ಸೇರಿ, ಈ ಮಾತನ್ನು ಅಷ್ಟು ಸಲೀಸಾಗಿ ನಂಬಬಾರದು ಎಂದು ಎಚ್ಚರಿಸಿದರು. ಔಷಧಿ ಸಿಗದವರು, ಗಂಡ ಬಿಟ್ಟವರು, ಅಲೆಯುತ್ತ ಸತ್ತವರು ಆ ಸಿಹಿ ಚಿತ್ರದಲ್ಲಿ ಕಾಣುವುದಿಲ್ಲ ಎಂದರು.

ನಾವು ಇನ್ನೊಂದು ಪ್ರಶ್ನೆ ಸೇರಿಸುತ್ತೇವೆ. ಯಾವ ಊರಿನ ಮಡಿಲು ಇದು? ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಇಟ್ಟರು. ಹತ್ತು ವರ್ಷ ಕಳೆದು 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಪ್ರಕರಣ ಅಲ್ಲಿಂದ ಹೈಕೋರ್ಟಿಗೆ ಹೋಯಿತು. ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ 2021ರಲ್ಲಿ ಒಂದು ದಲಿತ ಕೂಸು ಗುಡಿಯೊಳಗೆ ಓಡಿತೆಂದು ಶುದ್ಧಿಯ ಹೆಸರಿನಲ್ಲಿ ಮನೆಯವರಿಗೆ 25,000 ರೂಪಾಯಿ ದಂಡ ಹೇಳಿದರು. ಎಳೆಗೂಸಿನ ಕಾಲನ್ನೇ ಸಹಿಸದ ಊರು ಕೇರಿಯ ಮನೋರೋಗಿಗೆ ಮಡಿಲು ಹಾಸುತ್ತದೆ ಎಂದು ನಂಬುವುದು ಹೇಗೆ? ಮೇಲುಕೇರಿಯ ಹುಚ್ಚ ಕಟ್ಟೆಯ ಮೇಲೆ ಕೂತರೆ ಅವನು ‘ಪಾಪದವ’, ಅವಧೂತನೂ ಆಗಬಹುದು. ನಮ್ಮವನು ಕೂತರೆ ಅವನು ಹುಚ್ಚನೂ ಹೌದು, ಮುಟ್ಟಬಾರದವನೂ ಹೌದು. ಅವನಿಗೆ ಎರಡು ಬೇಲಿ.

ಆದ್ದರಿಂದ ‘ಸಮುದಾಯ’ ಎಂಬ ಪದವನ್ನು ನಾವು ಜೋಪಾನವಾಗಿ ಬಳಸಬೇಕು. ರೋಗಿಯನ್ನು ಎತ್ತಿ ನಿಲ್ಲಿಸುವ ಸಮುದಾಯ ಊರಲ್ಲಿ ಮೊದಲೇ ಸಿದ್ಧವಾಗಿ ಕೂತಿರುವುದಿಲ್ಲ. ಅದನ್ನು ಕಟ್ಟಬೇಕು. ಕಟ್ಟುವವರು ಯಾರು ಎಂಬುದರ ಮೇಲೆ ಅದು ಯಾರನ್ನು ಒಳಗೆ ತಗೊಳ್ಳುತ್ತದೆ ಎಂಬುದು ನಿಂತಿದೆ.

5

ಕೊಪ್ಪಳ ಸೀಮೆಯಲ್ಲಿ ಆ ಕಟ್ಟುವ ಕೆಲಸ ಅಂಗವಿಕಲರ ನಡುವಿನಿಂದ ಶುರುವಾಯಿತು ಎಂಬುದು ಮುಖ್ಯ. ರಾಯಚೂರು ಜಿಲ್ಲೆಯಲ್ಲಿ 1980ರ ದಶಕದಲ್ಲಿ ಹುಟ್ಟಿದ ‘ಸಮೂಹ’ ಎಂಬ ಸಂಸ್ಥೆ, ಅಂಗವಿಕಲರ ಜೊತೆ ದುಡಿಯುವ ಅದರ ‘ಸಾಮರ್ಥ್ಯ’ ಎಂಬ ವಿಭಾಗ ಈ ಕಡೆಯ ತಾಲೂಕುಗಳ ಹಳ್ಳಿಗಳಲ್ಲಿ ಕೆಲಸ ಮಾಡುತ್ತಿದ್ದವು. 2000ದ ಸುಮಾರಿಗೆ ‘ಬೇಸಿಕ್ ನೀಡ್ಸ್’ ಎಂಬ ಸಂಸ್ಥೆ ದಕ್ಷಿಣ ಭಾರತಕ್ಕೆ ಬಂದು, ಹೊಸದಾಗಿ ಆಸ್ಪತ್ರೆ ಕಟ್ಟುವ ಬದಲು, ಹಳ್ಳಿಗಳಲ್ಲಿ ಆಗಲೇ ಬೇರು ಬಿಟ್ಟ ಇಂಥ ಸಂಸ್ಥೆಗಳ ಜೊತೆ ಮನೋರೋಗಿಗಳ ಕೆಲಸವನ್ನು ಸೇರಿಸಿತು. ಅದರ ನಂಬಿಕೆ ಸರಳ. ಔಷಧಿ ಬೇಕು, ದುಡಿಮೆ ಬೇಕು, ಸಂಘ ಬೇಕು, ಮತ್ತು ಏನು ಬೇಕು ಎಂದು ರೋಗಿಯನ್ನೇ, ಮನೆಯವರನ್ನೇ ಮೊದಲು ಕೇಳಬೇಕು.

ಕೇಳಬೇಕು ಎಂಬುದು ಸಣ್ಣ ಮಾತಲ್ಲ. ಹುಚ್ಚ ಎಂದು ಹೆಸರಾದವನನ್ನು ‘ನಿನಗ ಏನು ಬೇಕೋ ಯಪ್ಪಾ’ ಎಂದು ಕೇಳಿದವರು ಅದಕ್ಕೂ ಮುಂಚೆ ಯಾರೂ ಇರಲಿಲ್ಲ. ಡಾಕ್ಟರು ಮನೆಯವರನ್ನು ಕೇಳುತ್ತಾರೆ, ಪೂಜಾರಿ ದೇವರನ್ನು ಕೇಳುತ್ತಾನೆ.

ಈ ಕೆಲಸದ ಬಗೆ ಹೀಗೆ. ಕಾರ್ಯಕರ್ತ ಆ ಕಡೆಯ ಹಳ್ಳಿಯವನೇ ಇರುತ್ತಾನೆ, ಎಷ್ಟೋ ಸಲ ತಾನೇ ಅಂಗವಿಕಲ. ಅವನು ಮನೆ ಮನೆಗೆ ಹೋಗುತ್ತಾನೆ. ಮೊದಲ ದಿನ ‘ನಮ್ಮನ್ಯಾಗ ಅಂಥಾವರು ಯಾರೂ ಇಲ್ರೀ’ ಎನ್ನುತ್ತಾರೆ. ಮೂರನೇ ಸಲ ಹೋದಾಗ ಹಿತ್ತಲ ಬಾಗಿಲು ತೆರೆಯುತ್ತದೆ. ರೋಗಿಯನ್ನು ಶಿಬಿರಕ್ಕೆ ಕರೆದೊಯ್ಯುವುದು, ಗುಳಿಗೆ ಕೊಡಿಸುವುದು ಅರ್ಧ ಕೆಲಸ. ಗುಳಿಗೆಯಿಂದ ಬಾಯಿ ಒಣಗುತ್ತದೆ, ಕೈ ನಡುಗುತ್ತದೆ, ನಿದ್ದೆ ಜಾಸ್ತಿ, ಮೈ ಊದುತ್ತದೆ. ಹದಿನೈದು ದಿನಕ್ಕೆ ‘ಆರಾಮ ಆತು’ ಎಂದು ಮನೆಯವರು ಬಿಡಿಸುತ್ತಾರೆ, ಇಲ್ಲವೆ ‘ಇನ್ನೂ ಹೆಚ್ಚಾತು’ ಎಂದು ಬಿಡಿಸುತ್ತಾರೆ. ಆಗ ತಿರುಗಿ ಹೋಗಿ ಕೂತು ಮಾತಾಡುವವರು ಬೇಕು. ಗುಳಿಗೆ ಬಿಟ್ಟರೆ ಬೇನೆ ಮರುಕಳಿಸುತ್ತದೆ ಎಂದು ಹೇಳುವವರು, ತೊಂದರೆಯಾದರೆ ಡಾಕ್ಟರಿಗೆ ಹೇಳಿ ಪ್ರಮಾಣ ಬದಲಿಸಿಸುವವರು ಬೇಕು. ದೂರದ ದೊಡ್ಡ ಆಸ್ಪತ್ರೆ ಈ ಕೆಲಸ ಮಾಡಲಾರದು. ಇದಕ್ಕೆ ಸೈಕಲ್ಲು ಬೇಕು, ಪುರಸೊತ್ತು ಬೇಕು, ಆ ಕಡೆಯ ಮಾತು ಬೇಕು.

ಇನ್ನರ್ಧ ಕೆಲಸ ಗುಳಿಗೆಯ ಆಚೆಗಿದೆ. ಡಾಕ್ಟರು ‘ಗುಣ’ ಅನ್ನುತ್ತಾರೆ, ನಮ್ಮ ಜನ ‘ಆರಾಮ’ ಅನ್ನುತ್ತಾರೆ. ಎರಡರ ಅರ್ಥ ಒಂದೇ ಅಲ್ಲ. ಕಿವಿಯೊಳಗಿನ ಮಾತು ನಿಂತರೆ ಡಾಕ್ಟರಿಗೆ ಗುಣ. ಜಳಕ ಮಾಡುತ್ತಾನೆ, ಎಲ್ಲರ ಜೊತೆ ಪಂಕ್ತಿಯಲ್ಲಿ ಕೂತು ರೊಟ್ಟಿ ತಿನ್ನುತ್ತಾನೆ, ಸಂತೆಗೆ ಹೋಗಿ ಲೆಕ್ಕ ತಪ್ಪದೆ ಸಾಮಾನು ತರುತ್ತಾನೆ, ಆಡು ಬಿಡುತ್ತಾನೆ, ಕೂಲಿಗೆ ಕರೆದರೆ ಬರುತ್ತಾನೆ, ಮದುವೆ ಮನೆಯಲ್ಲಿ ನಾಲ್ಕು ಜನರ ನಡುವೆ ಕೂರುತ್ತಾನೆ. ಇದಿಷ್ಟಾದರೆ ನಮ್ಮವರಿಗೆ ಆರಾಮ. ಒಂದೊಂದು ಸಲ ಕಿವಿಯಲ್ಲಿ ಮಾತು ಇನ್ನೂ ಕೇಳುತ್ತಿರುತ್ತದೆ. ಆದರೂ ಅವನು ಆರಾಮ. ಬೇನೆ ಪೂರಾ ಹೋಗದಿದ್ದರೂ ಬದುಕಿಗೆ ತಿರುಗಿ ಬರಬಹುದು ಎಂಬ ಈ ತಿಳಿವಳಿಕೆಗೆ ಈಗ ದೊಡ್ಡ ದೇಶಗಳ ಪಂಡಿತರೂ ಬಂದಿದ್ದಾರೆ.

ಆರಾಮ ಬರುವುದು ಕೆಲಸದಿಂದ. ಗಂಗಾವತಿಯ ನೀರಾವರಿ ಸೀಮೆಯಲ್ಲಿ ಭತ್ತದ ನಾಟಿ, ಕಳೆ, ಕೊಯ್ಲು. ಯಲಬುರ್ಗಾ, ಕುಷ್ಟಗಿಯ ಕಡೆ ಕುರಿ, ಆಡು, ಹತ್ತಿ ಬಿಡಿಸುವುದು. ಸಂಘದಿಂದ ಸಣ್ಣ ಸಾಲ ಸಿಕ್ಕರೆ ಎರಡು ಆಡು, ಒಂದು ಕಿರಾಣಿ ಡಬ್ಬಿ. ಮೊದಲ ಕೂಲಿ ತಂದು ತಾಯಿಯ ಕೈಗಿಟ್ಟ ದಿನ ಮನೆಯಲ್ಲಿ ಅವನ ಜಾಗ ಬದಲಾಗುತ್ತದೆ. ಮುನ್ನಾ ದಿನದವರೆಗೆ ‘ಅದು’ ಎಂದವರು ಅಂದು ‘ಅವ’ ಎನ್ನುತ್ತಾರೆ. ಉದ್ಯೋಗ ಖಾತ್ರಿಯ 2005ರ ಕಾಯ್ದೆ ಬಂದ ಮೇಲೆ ಈ ಬಾಗಿಲು ಇನ್ನಷ್ಟು ಅಗಲವಾಯಿತು. ಗುತ್ತೇದಾರನ ಮರ್ಜಿ ಕಾಯದೆ, ಹೆಸರಿನ ಮೇಲೆ ಜಾಬ್ ಕಾರ್ಡು ಹಿಡಿದು ಕೆಲಸ ಕೇಳುವ ಹಕ್ಕು ಅದರಿಂದ ಬಂತು. ಗಿಡಕ್ಕೆ ನೀರು ಹಾಕುವುದೋ, ಕೆಲಸದವರಿಗೆ ನೀರು ಕೊಡುವುದೋ, ಹಗುರ ಕೆಲಸ ಯಾವುದಾದರೂ ಆಗಲಿ, ಹಾಜರಿ ಪುಸ್ತಕದಲ್ಲಿ ಅವನ ಹೆಸರು ಬರೆಯಬೇಕಾಯಿತು.

ಆರೈಕೆ ಮಾಡುವವರ ಸಂಘ ಇನ್ನೊಂದು ದೊಡ್ಡ ಹೆಜ್ಜೆ. ಹೆಚ್ಚಿನವರು ತಾಯಂದಿರು, ಹೆಂಡಂದಿರು. ಅವರ ದುಃಖಕ್ಕೆ ದವಾಖಾನಿಯಲ್ಲಿ ಚೀಟಿ ಇಲ್ಲ. ‘ನನ್ನ ಕರ್ಮ’ ಎಂದು ಸೆರಗಿನಲ್ಲಿ ಕಟ್ಟಿಕೊಂಡಿದ್ದನ್ನು ಸಂಘದಲ್ಲಿ ಬಿಚ್ಚಿದಾಗ ಪಕ್ಕದ ಊರಿನವಳ ಸೆರಗಿನಲ್ಲೂ ಅದೇ ಇದೆ ಎಂದು ಗೊತ್ತಾಗುತ್ತದೆ. ಇಬ್ಬರದೂ ಕರ್ಮವಾಗಲು ಸಾಧ್ಯವಿಲ್ಲ. ಅಲ್ಲಿಂದ ಕರ್ಮದ ಮಾತು ಬಿಟ್ಟು ಹಕ್ಕಿನ ಮಾತು ಶುರುವಾಗುತ್ತದೆ. ಗುಳಿಗೆ ಯಾಕಿಲ್ಲ, ಸರ್ಟಿಫಿಕೇಟು ಯಾಕೆ ಕೊಡುವುದಿಲ್ಲ, ಮಾಸಾಶನ ಯಾಕೆ ನಿಂತಿತು ಎಂದು ಒಬ್ಬಳೇ ಹೋಗಿ ಕೇಳಿದರೆ ಜವಾನನೇ ಓಡಿಸುತ್ತಾನೆ. ಇಪ್ಪತ್ತು ಜನ ಹೋಗಿ ಕೂತರೆ ಸಾಹೇಬರು ಹೊರಗೆ ಬರುತ್ತಾರೆ. ಸಂಘಟನೆಯ ಈ ಪಾಠ ನಮ್ಮ ಚಳವಳಿಗೆ ಹೊಸದಲ್ಲ.

6

ಹೀಗೆ ಮನೆಗೆ ಹೋಗಿ ಮಾಡುವ ಕೆಲಸಕ್ಕೆ ಸಾಕ್ಷ್ಯ ಉಂಟೇ ಎಂದು ಕೇಳುವವರಿಗೆ ಉತ್ತರ ಇದೆ. ತಮಿಳುನಾಡು, ಗೋವಾ, ಮಹಾರಾಷ್ಟ್ರಗಳಲ್ಲಿ 282 ಸ್ಕಿಜೋಫ್ರೇನಿಯಾ ರೋಗಿಗಳ ಮೇಲೆ ಒಂದು ಪರೀಕ್ಷೆ ನಡೆಯಿತು. ಕೆಲವರಿಗೆ ಆಸ್ಪತ್ರೆಯ ಚಿಕಿತ್ಸೆ ಮಾತ್ರ, ಉಳಿದವರಿಗೆ ಅದರ ಜೊತೆಗೆ ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರ ಮನೆಭೇಟಿ. ವರ್ಷ ಕಳೆದ ಮೇಲೆ ಮನೆಭೇಟಿ ಪಡೆದವರ ಸ್ಥಿತಿ ಮೇಲಾಗಿತ್ತು. 2014ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಲಾಭ ಬಹಳ ದೊಡ್ಡದೇನಲ್ಲ, ಸಾಧಾರಣ ಎಂದು ಅದನ್ನು ಮಾಡಿದವರೇ ಪ್ರಾಮಾಣಿಕವಾಗಿ ಹೇಳಿದರು. ಹಳ್ಳಿಗಾಡಿನ ತಮಿಳುನಾಡಿನಲ್ಲಿ ಲಾಭ ಹೆಚ್ಚು ಕಂಡಿತು. ನಮ್ಮದೇ ತೀರ್ಥಹಳ್ಳಿ ತಾಲೂಕಿನಲ್ಲಿ ನಿಮ್ಹಾನ್ಸಿನವರು 2005ರ ಸುಮಾರಿನಿಂದ ರೋಗಿಗಳನ್ನು ಊರೂರಲ್ಲಿ ಹುಡುಕಿ ಚಿಕಿತ್ಸೆಗೆ ತಂದರು. ಚಿಕಿತ್ಸೆ ಸಿಕ್ಕವರು ದುಡಿಮೆಗೆ, ದಿನದ ಬದುಕಿಗೆ ಹೆಚ್ಚು ಮರಳುತ್ತಾರೆ ಎಂದು ಅಲ್ಲಿ ಕಂಡಿತು.

ಕಾನೂನೂ ಬದಲಾಗಿದೆ. ಆದರೆ ಬೆಲೆ ಕೊಟ್ಟ ಮೇಲೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಸರಪಳಿ ಹಾಕಿಸಿಕೊಂಡ ಮನೋರೋಗಿಗಳು ಓಡಲಾರದೆ ಸುಟ್ಟು ಸತ್ತರು. 25ಕ್ಕೂ ಹೆಚ್ಚು ಜೀವ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಯಾವ ರೀತಿಯಲ್ಲೂ ಸರಪಳಿ ಹಾಕಕೂಡದು ಎಂದು ಅದು ಹೇಳುತ್ತದೆ. ಸರ್ಕಾರದ ಖರ್ಚಿನ ಚಿಕಿತ್ಸೆ ಹಕ್ಕು, ಸಮಾಜದ ನಡುವೆ ಬದುಕುವುದು ಹಕ್ಕು ಎನ್ನುತ್ತದೆ. ಸಾಯಲು ಹೋದವನನ್ನು ಅಪರಾಧಿ ಎಂದು ನೋಡದೆ, ತೀವ್ರ ಸಂಕಟದಲ್ಲಿದ್ದವನೆಂದು ನೋಡಬೇಕು ಎನ್ನುತ್ತದೆ. ಕ್ರಿಮಿನಾಶಕದ ಡಬ್ಬಿ ಮನೆ ಮನೆಯ ಮೂಲೆಯಲ್ಲಿರುವ ನಮ್ಮ ಸೀಮೆಗೆ ಈ ಮಾತು ಬಹಳ ಅಗತ್ಯದ್ದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ವೈಕಲ್ಯಗಳಲ್ಲಿ ಮನೋರೋಗವೂ ಒಂದು. ಅದನ್ನು ಅಳೆಯುವ ನಮ್ಮ ದೇಶದ ಮಾಪನ ‘ಐಡಿಯಾಸ್’ ನೋಡುವುದು ನಾಲ್ಕು ಸಂಗತಿ: ತನ್ನ ಮೈಯ ನಿಗಾ, ನಾಲ್ಕು ಜನರೊಂದಿಗಿನ ಸಂಬಂಧ, ಮಾತು-ತಿಳಿವಳಿಕೆ, ದುಡಿಮೆ. ನಮ್ಮ ತಾಯಂದಿರು ‘ಆರಾಮ’ ಎಂದು ಅಳೆಯುವುದೂ ಇದನ್ನೇ.

ಕರ್ನಾಟಕದಲ್ಲಿ 2014ರ ಸುಮಾರಿಗೆ ಬಂದ ‘ಮನೋಚೈತನ್ಯ’ ಕಾರ್ಯಕ್ರಮದಿಂದ ಮನೋವೈದ್ಯರು ಮಂಗಳವಾರ ತಾಲೂಕು ಆಸ್ಪತ್ರೆಗೆ ಬರುವ ಏರ್ಪಾಡಾಯಿತು. 2015ರಲ್ಲಿ ಕೊಪ್ಪಳಕ್ಕೆ ವೈದ್ಯಕೀಯ ಕಾಲೇಜು ಬಂತು. 2022ರ ಅಕ್ಟೋಬರಿನಿಂದ ‘ಟೆಲಿ ಮನಸ್’ ಎಂಬ ಪುಕ್ಕಟೆ ಫೋನು ಇದೆ, ನಂಬರು 14416. ಕಟ್ಟಿಗೆ ಆರಿಸುವ ದಾರಿಯಲ್ಲೂ ಸಿಗುವ ಫೋನು ಇದು, ಒಳ್ಳೆಯದು. ಆದರೂ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಬೇರೆ ಬೇರೆ ಮನೋರೋಗಗಳಿದ್ದವರಲ್ಲಿ ನೂರಕ್ಕೆ 70ರಿಂದ 92 ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಕಾಯ್ದೆ ಪುಸ್ತಕದಲ್ಲಿರುತ್ತದೆ, ರೋಗಿ ಹಿತ್ತಿಲಲ್ಲಿರುತ್ತಾನೆ. ನಡುವಿನ ದಾರಿ ನಡೆಯುವವರು ಬೇಕು.

7

ಗೆಳೆಯರೆ, ಈ ಚರಿತ್ರೆ ಓದಿ ನಿಟ್ಟುಸಿರು ಬಿಟ್ಟರೆ ಉಪಯೋಗವಿಲ್ಲ.

ಹಳ್ಳಿಯ ಮೇಷ್ಟ್ರಿಗೆ ಊರಿನ ಪ್ರತಿಯೊಂದು ಮನೆಯೂ ಗೊತ್ತು. ಶಾಲೆ ಬಿಟ್ಟ ಹುಡುಗಿ ಮನೆಯಲ್ಲಿ ಯಾರನ್ನು ಕಾಯುತ್ತಿದ್ದಾಳೆ ಎಂದು ಅವರು ಕೇಳಬೇಕು. ಹುಚ್ಚನಿಗೆ ಕಲ್ಲು ಹೊಡೆಯಬಾರದು ಎಂಬುದನ್ನು ಮಗ್ಗಿಯ ಹಾಗೆ ಕಲಿಸಬೇಕು. ವಿದ್ಯಾರ್ಥಿಗಳು ಮಂಗಳವಾರ ತಾಲೂಕು ದವಾಖಾನಿಗೆ ಹೋಗಿ ಮನೋವೈದ್ಯರು ಬಂದಿದ್ದಾರೆಯೇ, ಗುಳಿಗೆ ಇದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಬರೆದುಕೊಡಬೇಕು. ಪಂಚಾಯಿತಿಗೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಗ್ರಾಮಸಭೆಯಲ್ಲಿ ಅವರ ಪಟ್ಟಿ ಓದಿಸಿ, ಅದರಲ್ಲಿ ಮನೋರೋಗಿಗಳ ಹೆಸರು ಇದೆಯೇ, ಕೇರಿಯವರ ಹೆಸರು ಇದೆಯೇ ಎಂದು ಕೇಳಬೇಕು. ಅಂಗವಿಕಲರಿಗೆಂದು ಪಂಚಾಯಿತಿ ತೆಗೆದಿಡಬೇಕಾದ ನೂರಕ್ಕೆ ಐದರ ಹಣದಲ್ಲಿ ಅವರಿಗೆ ಏನು ಸಿಕ್ಕಿತು ಎಂದೂ ಕೇಳಬೇಕು.

ಗುಡಿಗೆ, ದರ್ಗಾಕ್ಕೆ ಹೋಗುವವರನ್ನು ಬೈಯುವುದರಿಂದ ಕೆಲಸ ಆಗುವುದಿಲ್ಲ. ಹೋಗಲಿ, ಆದರೆ ಗುಳಿಗೆ ಬಿಡದೆ ಹೋಗಲಿ. ಹೊಡೆತ ಮತ್ತು ಸರಪಳಿ ಎಲ್ಲಿದ್ದರೂ, ಯಾರ ಹೆಸರಿನಲ್ಲಿದ್ದರೂ, ಅಲ್ಲಿ ನಾವು ಎದ್ದು ನಿಲ್ಲಬೇಕು.

ಸಂಘಟನೆಯ ಗೆಳೆಯರಿಗೆ ಕಡೆಯ ಮಾತು ಒಂದಿದೆ. ಸಹಪಂಕ್ತಿ, ಕೆರೆಯ ನೀರು, ಹೋಟೆಲಿನ ಲೋಟ ಎಂದು ನಾವು ಹೋರಾಡಿದ್ದೇವೆ, ಇನ್ನೂ ಹೋರಾಡುತ್ತೇವೆ. ಆ ಹೋರಾಟದ ಸಭೆ ನಡೆದಾಗ ನಮ್ಮ ಕೇರಿಯಲ್ಲೇ ಹಿತ್ತಲಲ್ಲಿ ಕೂತವನೊಬ್ಬ ಇರುತ್ತಾನೆ, ತಾಟು ಬೇರೆ ಇಟ್ಟು ಊಟ ದೂರದಿಂದ ಸರಿಸುವ ಮನೆಯಲ್ಲಿ. ಮುಂದಿನ ಸಭೆಗೆ ಅವನನ್ನೂ ಕರೆಯಬೇಕು. ಜಮಖಾನ ಹಾಸುವ ಕೆಲಸ ಕೊಡಬೇಕು, ಹಾಸಿದ ಮೇಲೆ ಅದರ ಮೇಲೆಯೇ ನಮ್ಮ ಪಕ್ಕ ಕೂರಿಸಿಕೊಳ್ಳಬೇಕು. ಅವನು ಮಾತಾಡಿದರೆ ಕೇಳಬೇಕು, ಮಾತು ಅಡ್ಡಾದಿಡ್ಡಿ ಹೋದರೂ ನಗದೆ ಕೇಳಬೇಕು.